ಅನಿರೀಕ್ಷಿತವಾಗಿ ಬಂದ ಸಣ್ಣ ಮೊತ್ತ: ಕರಗಿ ಹೋಗುವ ಮುಂಚೆ ಏನು ಮಾಡಬೇಕು?

ಕೆಲವು ವರ್ಷಗಳ ಹಿಂದೆ ನನಗೆ ಹಳೆಯ ಬಾಕಿಯೊಂದು ಒಟ್ಟಿಗೆ ಬಂತು. ಸುಮಾರು ಒಂದೂವರೆ ತಿಂಗಳ ಸಂಬಳದಷ್ಟು. ಬರುತ್ತದೆ ಅಂದುಕೊಂಡೇ ಇರಲಿಲ್ಲ, ಹಾಗಾಗಿ ಖುಷಿಯೋ ಖುಷಿ. ಮೂರು ತಿಂಗಳಾದ ಮೇಲೆ ಒಂದು ರಾತ್ರಿ ಖಾತೆ ನೋಡಿದರೆ ಬ್ಯಾಲೆನ್ಸ್ ಮೊದಲು ಎಷ್ಟಿತ್ತೋ ಅಷ್ಟೇ ಇದೆ. ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು ಕೂತೆ. ಒಂದು ಇಯರ್‌ಫೋನ್. ಬಸ್ಸಲ್ಲಿ ಹೋಗಬಹುದಾಗಿದ್ದ ಕಡೆಗೆಲ್ಲ ಟ್ಯಾಕ್ಸಿ. ಎರಡೇ ಸಲ ಹಾಕಿದ ಒಂದು ಶರ್ಟು. ತೆರೆದೂ ನೋಡದ ಆ್ಯಪ್ ಒಂದರ ಇಡೀ ವರ್ಷದ ಚಂದಾ. ಗೀಟು ಎಳೆಯುತ್ತಾ ಹೋದೆ. ಅರ್ಧ ಹಣಕ್ಕೆ ಲೆಕ್ಕ ಸಿಕ್ಕಿತು. ಉಳಿದರ್ಧ ಎಲ್ಲಿ ಹೋಯಿತು ಅಂತ ಇವತ್ತಿಗೂ ಗೊತ್ತಿಲ್ಲ.

ಅದರಲ್ಲಿ ಒಂದೂ ದೊಡ್ಡ ತಪ್ಪಿರಲಿಲ್ಲ ನೋಡಿ. ತೊಂದರೆ ಇರುವುದೇ ಅಲ್ಲಿ. ಸಣ್ಣ ಮೊತ್ತವನ್ನು ಯಾರೂ ತಪ್ಪು ನಿರ್ಧಾರ ಮಾಡಿ ಕಳೆಯುವುದಿಲ್ಲ. ನಿರ್ಧಾರವನ್ನೇ ಮಾಡದೆ ಕಳೆಯುತ್ತಾರೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ನಾನಿಲ್ಲಿ ಹೇಳುತ್ತಿರುವುದು ಒಂದು ವಾರದ ಸಂಬಳದಿಂದ ಹಿಡಿದು ಮೂರು ತಿಂಗಳ ಸಂಬಳದವರೆಗಿನ ಮೊತ್ತದ ಬಗ್ಗೆ. ಬೋನಸ್, ತೆರಿಗೆ ವಾಪಸಾತಿ, ವಿಮೆಯ ಹಣ, ಬಹುಮಾನ, ಯಾರೋ ಪ್ರೀತಿಯಿಂದ ಕೊಟ್ಟಿದ್ದು, ಹಳೆಯ ಸಾಮಾನು ಮಾರಿ ಬಂದಿದ್ದು. ಬದುಕು ಬದಲಿಸುವಷ್ಟು ದೊಡ್ಡದಲ್ಲ, ಮರೆತುಬಿಡುವಷ್ಟು ಚಿಕ್ಕದೂ ಅಲ್ಲ. ಒಂದು ವರ್ಷದ ಆದಾಯಕ್ಕಿಂತ ಜಾಸ್ತಿ ಬಂದಿದ್ದರೆ ಇದನ್ನು ಓದುವುದು ಬಿಟ್ಟು ಮೊದಲು ತೆರಿಗೆ ಗೊತ್ತಿರುವವರನ್ನು ನೋಡಿ.

ಹಂತ 1: ಹಣ ನಿಜವಾಗಿ ಬಂದಿದೆಯಾ?

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ. "ಮಂಜೂರಾಗಿದೆ", "ಮುಂದಿನ ವಾರ ಬರುತ್ತದೆ" ಅನ್ನುವ ಹಣ ಇನ್ನೂ ನಿಮ್ಮದಲ್ಲ. ಖಾತೆಗೆ ಬೀಳಲಿ. ಅದರ ಮೇಲೆ ತೆರಿಗೆ ಇದೆಯಾ, ಇದ್ದರೆ ಈಗಾಗಲೇ ಕಡಿತವಾಗಿದೆಯಾ ಅಂತ ನೋಡಿ. ಕಡಿತವಾಗಿಲ್ಲ ಅಂದರೆ ಆ ಪಾಲನ್ನು ಇವತ್ತೇ ತೆಗೆದಿಡಿ. ಅದು ನಿಮ್ಮ ಖಾತೆಯಲ್ಲಿ ಸುಮ್ನೆ ಕೂತಿರುವ ಇನ್ನೊಬ್ಬರ ದುಡ್ಡು.

ಇನ್ನೆರಡು ಮಾತು. ಎಲ್ಲಿಂದ ಬಂತು ಅಂತ ಗೊತ್ತಾಗದ ಹಣ ಖಾತೆಗೆ ಬಿದ್ದಿದ್ದರೆ ಅದು ಅದೃಷ್ಟವಲ್ಲ, ಯಾರದೋ ಕೈತಪ್ಪು. ಮುಟ್ಟಬೇಡಿ, ಬ್ಯಾಂಕಿಗೆ ಹೇಳಿ. ಹಾಗೆಯೇ, "ಬಹುಮಾನ ಬಂದಿದೆ, ಪಡೆಯಲು ಮೊದಲು ಒಂದಿಷ್ಟು ಶುಲ್ಕ ಕಟ್ಟಿ" ಅಂದರೆ ಅದು ಮೋಸ. ಬರುವ ಹಣಕ್ಕೆ ಮುಂಗಡ ಕೇಳುವವರನ್ನು ನಂಬಬೇಡಿ.

ಹಂತ 2: ಬೇರೆ ಮಾಡಿ, ಬಾಯಿ ಮುಚ್ಚಿಕೊಂಡಿರಿ

ಇಡೀ ವಿಷಯದಲ್ಲಿ ಇದೇ ಮುಖ್ಯ. ಬೇರೇನೂ ಮಾಡದಿದ್ದರೂ ಇದೊಂದನ್ನು ಮಾಡಿ.

ದಿನದ ಖರ್ಚಿನ ಖಾತೆಯಲ್ಲಿ ಈ ಹಣ ಒಂದು ರಾತ್ರಿಯೂ ಮಲಗಬಾರದು. ಇನ್ನೊಂದು ಖಾತೆಗೆ ಹಾಕಿ. ಆ ಖಾತೆಗೆ ಕಾರ್ಡ್ ಇರಬಾರದು, ಫೋನಿನ ಪಾವತಿ ಆ್ಯಪ್‌ಗೂ ಅದು ಜೋಡಣೆಯಾಗಿರಬಾರದು. ಆ ಸೌಲಭ್ಯ ಇಲ್ಲದಿದ್ದರೆ ಒಂದೆರಡು ತಿಂಗಳ ಠೇವಣಿ ಮಾಡಿ. ಬಡ್ಡಿಗಾಗಿ ಅಲ್ಲ, ಬೀಗಕ್ಕಾಗಿ.

ಯಾಕೆ ಇಷ್ಟು ಕಟ್ಟುನಿಟ್ಟು? ಹಣಕ್ಕೆ ಬಣ್ಣವಿಲ್ಲ ಅನ್ನುತ್ತೇವೆ, ಆದರೆ ನಮ್ಮ ತಲೆ ಬಣ್ಣ ಬಳಿಯುತ್ತದೆ. ಸಂಬಳ ಒಂದು ಡಬ್ಬಿ, ಉಳಿತಾಯ ಇನ್ನೊಂದು, "ಸುಮ್ನೆ ಬಂದಿದ್ದು" ಮತ್ತೊಂದು. ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಇದನ್ನು ಮನಸ್ಸಿನ ಲೆಕ್ಕಪತ್ರ ಅಂತ ಕರೆದರು. ಇಂಥ ಕೆಲಸಕ್ಕಾಗಿಯೇ ಅವರಿಗೆ 2017ರಲ್ಲಿ ನೊಬೆಲ್ ಬಂತು. ಸುಮ್ನೆ ಬಂದಿದ್ದನ್ನು ಸುಮ್ನೆ ಬಿಡುವುದು ನಮ್ಮೆಲ್ಲರ ಅಭ್ಯಾಸ.

ಹೆಸರು ಕೂಡ ಕೆಲಸ ಮಾಡುತ್ತದೆ. 2006ರಲ್ಲಿ ಮನಶ್ಶಾಸ್ತ್ರಜ್ಞ ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು ಕೆಲವು ಪ್ರಯೋಗಗಳನ್ನು ಪ್ರಕಟಿಸಿದರು. ಒಂದೇ ಮೊತ್ತವನ್ನು ಕೆಲವರಿಗೆ "ಬೋನಸ್" ಅಂತ, ಕೆಲವರಿಗೆ "ನಿಮ್ಮದೇ ಹಣ ವಾಪಸು" ಅನ್ನುವ ಅರ್ಥದಲ್ಲಿ ಕೊಟ್ಟರು. ಬೋನಸ್ ಅಂತ ಕೇಳಿದವರು ಜಾಸ್ತಿ ಖರ್ಚು ಮಾಡಿದರು. ಹಣ ಅದೇ, ಹೆಸರು ಮಾತ್ರ ಬೇರೆ. ಹಾಗಾಗಿ ಆ ಹೊಸ ಖಾತೆಗೆ ನೀವೇ ಒಂದು ಹೆಸರಿಡಿ. "ಬೋನಸ್" ಅನ್ನಬೇಡಿ. ನಾನು "ಇನ್ನೂ ತೀರ್ಮಾನವಾಗಿಲ್ಲ" ಅಂತ ಇಟ್ಟಿದ್ದೇನೆ.

ಎಷ್ಟು ದಿನ ಕಾಯಬೇಕು? ಮೂರು ವಾರ ಸಾಕು. ಒಂದು ವಾರದಲ್ಲಿ ಮೊದಲ ಹುಮ್ಮಸ್ಸು ಇಳಿಯುವುದಿಲ್ಲ, ಮೂರು ತಿಂಗಳಾದರೆ ಹಣ ಇದೆ ಅನ್ನುವುದೇ ಮರೆತುಹೋಗುತ್ತದೆ. ತುರ್ತು ಚಿಕಿತ್ಸೆ, ಕೊನೆಯ ದಿನ ಹತ್ತಿರವಿರುವ ಪಾವತಿ, ಮುಂದೆ ಹೇಳುವ ದುಬಾರಿ ಸಾಲ ಇದ್ದರೆ ಕಾಯಬೇಡಿ.

ಈ ಮೂರು ವಾರ ಯಾರಿಗೂ ಹೇಳದಿರುವುದು ಒಳ್ಳೆಯದು. ಮನೆಯವರಿಗೆ ಬಿಡಿ, ಅವರಿಗೆ ಹೇಳಲೇಬೇಕು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಅಂತಾರಲ್ಲ, ನಮ್ಮ ಅನುಭವದಲ್ಲಿ ಕೊಡೆ ಹಿಡಿಸುವವರು ಸುತ್ತಲಿನವರೇ. "ಪಾರ್ಟಿ ಯಾವಾಗ?" ಅನ್ನುವುದರಿಂದ ಶುರುವಾಗುತ್ತದೆ. ಯಾರಾದರೂ ಸಾಲ ಕೇಳಿದರೆ, ವಾಪಸ್ ಬರದಿದ್ದರೂ ನೊಂದುಕೊಳ್ಳದಷ್ಟನ್ನು ಮಾತ್ರ ಕೊಡಿ. ಅಷ್ಟೂ ಆಗದಿದ್ದರೆ ಇಲ್ಲ ಅನ್ನಿ.

ಹಂತ 3: ಮೊತ್ತವನ್ನು ದಿನಗಳಲ್ಲಿ ಅಳೆಯಿರಿ

ಅಂಕಿ ನೋಡಿದರೆ ಹಣ ದೊಡ್ಡದಾಗಿಯೋ ಚಿಕ್ಕದಾಗಿಯೋ ಕಾಣುತ್ತದೆ, ಅಂದಿನ ಮನಸ್ಸಿನ ಮೇಲೆ ಹೋಗುತ್ತದೆ. ದಿನಗಳಿಗೆ ಬದಲಿಸಿದರೆ ನಿಜ ಕಾಣುತ್ತದೆ. ಮನೆಯ ಒಂದು ತಿಂಗಳ ಒಟ್ಟು ಖರ್ಚನ್ನು 30ರಿಂದ ಭಾಗಿಸಿ. ಬಂದ ಹಣವನ್ನು ಅದರಿಂದ ಭಾಗಿಸಿ. ಉತ್ತರ 19 ಬಂತು ಅಂದುಕೊಳ್ಳಿ. ನಿಮ್ಮ ಕೈಯಲ್ಲಿರುವುದು 19 ದಿನದ ಬದುಕು. ಇನ್ನು ಆಸೆಪಟ್ಟ ಫೋನು 14 ದಿನದ್ದು ಅಂತ ಗೊತ್ತಾದರೆ ಯೋಚನೆ ತಾನಾಗಿಯೇ ಬೇರೆಯಾಗುತ್ತದೆ. ಬೇಡ ಅಂತಲೇ ಅನ್ನಿಸಬೇಕಿಲ್ಲ. ಆ ಫೋನಲ್ಲೇ ದುಡಿಯುವವರಿಗೆ 14 ದಿನ ಕೊಟ್ಟರೂ ಅದು ಅಗ್ಗವೇ.

ಇಲ್ಲಿಯೇ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಇದು ಒಂದೇ ಸಲ ಬಂದಿದ್ದಾ, ವರ್ಷ ವರ್ಷ ಬರುವುದಾ? ಪ್ರತಿ ವರ್ಷ ಬರುವ ಬೋನಸ್ ಅನಿರೀಕ್ಷಿತವೇನಲ್ಲ, ತಡವಾಗಿ ಬರುವ ಸಂಬಳ. ಅದನ್ನು ವರ್ಷದ ಬಜೆಟ್ಟಿನೊಳಗೇ ಸೇರಿಸಿ. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1957ರಲ್ಲೇ ಈ ವ್ಯತ್ಯಾಸ ಹಿಡಿದಿದ್ದರು. ನಿಲ್ಲುವ ಆದಾಯವೇ ಬೇರೆ, ಬಂದು ಹೋಗುವ ಆದಾಯವೇ ಬೇರೆ, ನಮ್ಮ ಜೀವನಮಟ್ಟ ಕಟ್ಟಿಕೊಳ್ಳಬೇಕಾದ್ದು ಮೊದಲನೆಯದರ ಮೇಲೆ.

ಇದರಿಂದ ಹುಟ್ಟುವ ನಿಯಮ ಒಂದೇ. ಒಂದು ಸಲ ಬಂದ ಹಣದಿಂದ, ತಿಂಗಳು ತಿಂಗಳು ಬಾಯಿ ತೆರೆಯುವ ಏನನ್ನೂ ತರಬೇಡಿ. ಈ ಹಣವನ್ನು ಮುಂಗಡ ಕಟ್ಟಿ ಉಳಿದದ್ದಕ್ಕೆ ಕಂತು ಹಾಕಿಸಿಕೊಳ್ಳುವುದು ನಾನು ನೋಡಿದ ಅತಿ ಸಾಮಾನ್ಯ ಎಡವಟ್ಟು. ಸಿಕ್ಕಿದ್ದು ಖುಷಿ, ಕೈಗೆ ಬಂದಿದ್ದು ಹೊಸ ಸಾಲ.

ಹಂತ 4: ಮೊದಲು ತೂತು ಮುಚ್ಚಿ

ಕ್ರೆಡಿಟ್ ಕಾರ್ಡ್ ಬಾಕಿ ಅಥವಾ ಕೈಬಡ್ಡಿ ಸಾಲ ಇದ್ದರೆ ಮುಂದಿನ ಹಂತಗಳನ್ನು ಓದುವ ಮೊದಲು ಇಲ್ಲಿ ನಿಲ್ಲಿ.

ತಿಂಗಳಿಗೆ ಶೇಕಡಾ 3 ಅಂದರೆ ಸಣ್ಣದಾಗಿ ಕೇಳಿಸುತ್ತದೆ. ಬಡ್ಡಿಗೆ ಬಡ್ಡಿ ಸೇರಿ ವರ್ಷಕ್ಕೆ ಅದು ಶೇಕಡಾ 42 ದಾಟುತ್ತದೆ. ಬಾಯಿಲೆಕ್ಕಕ್ಕೆ ಒಂದು ಹಳೆಯ ಸೂತ್ರವಿದೆ: 72 ಅನ್ನು ಬಡ್ಡಿ ದರದಿಂದ ಭಾಗಿಸಿದರೆ ಹಣ ದುಪ್ಪಟ್ಟಾಗುವ ಅವಧಿ ಸಿಗುತ್ತದೆ. 72 ಭಾಗಿಸು 3, ಅಂದರೆ 24 ತಿಂಗಳು. ಕಟ್ಟದೆ ಬಿಟ್ಟ ಬಾಕಿ ಎರಡೇ ವರ್ಷದಲ್ಲಿ ಎರಡರಷ್ಟು.

ಒಂದು ಲೆಕ್ಕ ಮಾಡಿ ನೋಡೋಣ. ಬಾಕಿ 100 ಇದೆ, ತಿಂಗಳಿಗೆ 3ರ ಬಡ್ಡಿ, ನೀವು ತಿಂಗಳಿಗೆ 6 ಕಟ್ಟುತ್ತಿದ್ದೀರಿ. ಮೊದಲ ತಿಂಗಳು ಕಟ್ಟಿದ 6ರಲ್ಲಿ 3 ಬಡ್ಡಿಗೇ ಹೋಗುತ್ತದೆ. ಅಜ್ಜಿ ನೂತಿದ್ದೆಲ್ಲ ಮೊಮ್ಮಗನ ಉಡಿದಾರಕ್ಕೆ ಸರಿಹೋಯಿತು ಅನ್ನುವ ಹಾಗೆ. ಸಾಲ ತೀರಲು ಹೆಚ್ಚುಕಡಿಮೆ 23 ತಿಂಗಳೂವರೆ ಬೇಕು, ಒಟ್ಟು ಬಡ್ಡಿ ಸುಮಾರು 41. ಈಗ ನಿಮಗೆ ಅನಿರೀಕ್ಷಿತವಾಗಿ 40 ಬಂತು, ಪೂರ್ತಿ ಸಾಲಕ್ಕೆ ಹಾಕಿದಿರಿ. ಬಾಕಿ 60. ಅದೇ 6ರ ಕಂತು ಮುಂದುವರಿಸಿದರೆ ಹೆಚ್ಚುಕಡಿಮೆ 12 ತಿಂಗಳಲ್ಲಿ ಸಾಲ ಮುಗಿಯುತ್ತದೆ, ಬಡ್ಡಿ 12ರ ಆಸುಪಾಸು. ಅಂದರೆ ಆ 40 ನಿಮಗೆ ಸುಮಾರು 28 ಉಳಿಸಿತು, ಮೇಲೆ ಹನ್ನೊಂದು ತಿಂಗಳ ಕಂತಿನಿಂದ ಬಿಡುಗಡೆ. ಇಷ್ಟು ಲಾಭವನ್ನು ಯಾವ ಅಪಾಯವೂ ಇಲ್ಲದೆ ಕೊಡುವ ಹೂಡಿಕೆ ನನಗೆ ಗೊತ್ತಿಲ್ಲ.

ಕಟ್ಟುವ ಮುಂಚೆ ಎರಡು ವಿಷಯ ಕೇಳಿ: ಮುಂಚಿತವಾಗಿ ಕಟ್ಟಿದರೆ ಶುಲ್ಕ ಇದೆಯಾ? ಈ ಹಣ ಅಸಲಿಗೆ ಜಮೆಯಾಗುತ್ತದಾ, ಮುಂದಿನ ಕಂತುಗಳಿಗಾ? ಅಸಲಿಗೆ ಅಂತ ಬರೆದು ಕೊಡಿ. ಬಾಕಿ ಇಳಿದ ಕಾರ್ಡನ್ನು ಕೆಲವು ತಿಂಗಳು ಬೀರುವಿನಲ್ಲಿಡಿ. ಇಲ್ಲದಿದ್ದರೆ ಖಾಲಿಯಾದ ಜಾಗ ಮತ್ತೆ ತುಂಬಿಕೊಳ್ಳುತ್ತದೆ, ನನಗೂ ಒಮ್ಮೆ ಹಾಗೇ ಆಗಿದೆ.

ಎರಡು ಮೂರು ಸಾಲಗಳಿದ್ದರೆ ಲೆಕ್ಕದ ಪ್ರಕಾರ ಜಾಸ್ತಿ ಬಡ್ಡಿಯದ್ದು ಮೊದಲು. ಕೆಲವರಿಗೆ ಚಿಕ್ಕ ಸಾಲವೊಂದನ್ನು ಪೂರ್ತಿ ಮುಗಿಸಿದರೆ ಮುಂದಕ್ಕೆ ಹುರುಪು ಬರುತ್ತದೆ. ದರಗಳ ನಡುವೆ ತೀರಾ ವ್ಯತ್ಯಾಸವಿಲ್ಲದಿದ್ದರೆ ಹಾಗೆ ಮಾಡಿ, ತಪ್ಪೇನಿಲ್ಲ. ಗೆಳೆಯರಿಂದ ಪಡೆದ ಸಾಲಕ್ಕೆ ಬಡ್ಡಿ ಇರುವುದಿಲ್ಲ, ಆದರೂ ನಾನಾದರೆ ಅದನ್ನೇ ಮೊದಲು ತೀರಿಸುತ್ತೇನೆ. ಅದರ ಬಡ್ಡಿ ಬೇರೆ ರೂಪದಲ್ಲಿ ಬೆಳೆಯುತ್ತಿರುತ್ತದೆ. ಕಡಿಮೆ ಬಡ್ಡಿಯ ದೊಡ್ಡ ಮನೆಸಾಲಕ್ಕೆ ಈ ಹಣ ಹಾಕುವುದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅನ್ನಿಸಬಹುದು. ಲೆಕ್ಕದಲ್ಲಿ ಉಳಿತಾಯ ಇದ್ದೇ ಇದೆ, ಆದರೆ ಅವಸರವಿಲ್ಲ.

ಸಾಲ ಇಲ್ಲ, ಕೈಯಲ್ಲಿ ಒಂದು ತಿಂಗಳ ಖರ್ಚೂ ಇಲ್ಲ ಅಂದರೆ ಅದೂ ಒಂದು ತೂತೇ. ಮೂರರಿಂದ ಆರು ತಿಂಗಳ ಖರ್ಚು ಬದಿಗಿರಬೇಕು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅಷ್ಟು ಓದಿ ಹೆದರಿ ಏನೂ ಇಡದಿರುವವರೇ ಜಾಸ್ತಿ. ಹದಿನೈದು ದಿನದ್ದು ಇಟ್ಟರೂ, ಕೆಟ್ಟುಹೋದ ಬೈಕಿಗಾಗಿ ಕಾರ್ಡ್ ಉಜ್ಜುವುದು ತಪ್ಪುತ್ತದೆ.

ಹಂತ 5: ಪಟ್ಟಿ ಬರೆಯಿರಿ, ಆದರೆ ಕಿರಿಕಿರಿಯಿಂದ ಶುರು ಮಾಡಿ

"ಏನು ಬೇಕು?" ಅಂತ ಕೇಳಿಕೊಂಡರೆ ಜಾಹೀರಾತಿನಲ್ಲಿ ನೋಡಿದ್ದೆಲ್ಲ ನೆನಪಾಗುತ್ತದೆ. ಅದರ ಬದಲು "ದಿನಾ ಏನು ಕಾಡುತ್ತಿದೆ?" ಅಂತ ಕೇಳಿ.

ನಮ್ಮ ಮನೆಯ ಹಿಂಬಾಗಿಲು ಕೆಳಗೆ ಕುಸಿದಿತ್ತು. ಚಿಲಕ ಹಾಕಬೇಕಾದರೆ ಒಂದು ಕೈಯಲ್ಲಿ ಬಾಗಿಲನ್ನು ಮೇಲಕ್ಕೆತ್ತಬೇಕು, ಮೊಣಕಾಲಲ್ಲಿ ಒತ್ತಬೇಕು, ಇನ್ನೊಂದು ಕೈಯಲ್ಲಿ ಚಿಲಕ ಎಳೆಯಬೇಕು. ಅಮ್ಮನಿಗಂತೂ ಎರಡೂ ಕೈ ಬೇಕಿತ್ತು, ಆಮೇಲೆ ನನ್ನನ್ನು ಕೂಗಬೇಕಿತ್ತು. ಮೂರು ವರ್ಷ ಹಾಗೇ ನಡೆಯಿತು. ಎರಡನೇ ಸಲ ನನಗೆ ಹೀಗೆ ಹಣ ಬಂದಾಗ, ಒಂದು ಭಾನುವಾರ ಪೂರ್ತಿ ನೋಟ್‌ಬುಕ್ ಹಿಡಿದು ಮನೆಯಲ್ಲಿ ಓಡಾಡಿದೆ. ಎಲ್ಲೆಲ್ಲಿ "ಛೇ" ಅಂದೆನೋ ಅಲ್ಲೆಲ್ಲ ಒಂದು ಸಾಲು. ಸಂಜೆಗೆ ಹನ್ನೊಂದು ಸಾಲುಗಳಾದವು. ಹಿಂಬಾಗಿಲಿನ ಮುಂದೆ ಆರು ಗೀಟು. ದಿನಕ್ಕೆ 6 ಸಲ ಅಂದರೆ ವರ್ಷಕ್ಕೆ ಎರಡು ಸಾವಿರಕ್ಕೂ ಜಾಸ್ತಿ! ಬಡಗಿ ಬಂದು ಕೀಲು ಬದಲಿಸಿ, ತಳ ಒಂದಿಷ್ಟು ಉಜ್ಜಿ, ಮುಕ್ಕಾಲು ಗಂಟೆಯಲ್ಲಿ ಹೋದ. ಬಂದ ಹಣದಲ್ಲಿ ಅದಕ್ಕೆ ಖರ್ಚಾಗಿದ್ದು ಇಪ್ಪತ್ತರಲ್ಲಿ ಒಂದು ಪಾಲೂ ಅಲ್ಲ. ಮೂರು ವರ್ಷ ಯಾಕೆ ಕಾದೆವು ಅಂತ ಕೇಳಿದರೆ ಉತ್ತರವಿಲ್ಲ. ಹಣ ಇರಲಿಲ್ಲ ಅನ್ನುವಂತೆಯೂ ಇಲ್ಲ.

ನೀವೂ ಹೀಗೆ ಒಂದು ದಿನ ಓಡಾಡಿ. ಬೆನ್ನು ನೋಯಿಸುವ ಕುರ್ಚಿ, ಒಳಗೆ ನೀರು ಬರುವ ಚಪ್ಪಲಿ, ಮುಂದೂಡಿದ ಹಲ್ಲಿನ ಚಿಕಿತ್ಸೆ, ಬದಲಿಸಬೇಕಾದ ಕನ್ನಡಕ. ಆಮೇಲೆ ಆಸೆಗಳನ್ನು ಬರೆಯಿರಿ, ಪ್ರತಿಯೊಂದರ ಮುಂದೆ ಬರೆದ ದಿನಾಂಕ ಹಾಕಿ. ಮೂರು ವಾರದಲ್ಲಿ ಅರ್ಧ ಆಸೆಗಳು ತಾವಾಗಿಯೇ ಬಾಡುತ್ತವೆ. ಬಾಡದೆ ಉಳಿದವನ್ನು ಮಾತ್ರ ಗಂಭೀರವಾಗಿ ನೋಡಿ.

ಪ್ರತಿ ಸಾಲಿನ ಮುಂದೆ ಇನ್ನೆರಡು ಬರೆಯಿರಿ. ಇದನ್ನು ಮಾಡಿದರೆ ಪಟ್ಟಿಯಲ್ಲಿ ಯಾವುದನ್ನು ಕೈಬಿಡಬೇಕಾಗುತ್ತದೆ? ಇದರ ಬಾಲ ಎಷ್ಟುದ್ದ? ಕ್ಯಾಮೆರಾ ಬಂದರೆ ಚೀಲ, ಕಾರ್ಡು, ಲೆನ್ಸು ಹಿಂದೆಯೇ ಬರುತ್ತವೆ. 18ನೇ ಶತಮಾನದ ಫ್ರೆಂಚ್ ಲೇಖಕ ಡಿಡೆರೋ, ಹೊಸ ನಿಲುವಂಗಿ ಬಂದ ಮೇಲೆ ಕೋಣೆಯ ಹಳೆಯ ಸಾಮಾನುಗಳೆಲ್ಲ ಅದರ ಮುಂದೆ ಮಂಕಾಗಿ ಕಂಡು ಒಂದೊಂದಾಗಿ ಬದಲಿಸಿದ್ದನ್ನು ಬೇಸರದಿಂದ ಬರೆದಿಟ್ಟಿದ್ದಾನೆ. ಬಾಲದ ಖರ್ಚಿಗೆ ಇವತ್ತಿಗೂ ಅವನದೇ ಹೆಸರು.

ಸಂಶೋಧನೆ ಏನು ಹೇಳುತ್ತದೆ ಅಂತ ಕೇಳುವವರಿಗೆ ಮೂರು ಸುಳಿವು. 2003ರಲ್ಲಿ ವ್ಯಾನ್ ಬೋವೆನ್ ಮತ್ತು ಗಿಲೋವಿಚ್, ವಸ್ತುಗಳಿಗಿಂತ ಅನುಭವಗಳ ಮೇಲೆ ಮಾಡಿದ ಖರ್ಚು ಜನರಿಗೆ ಜಾಸ್ತಿ ಸಂತೋಷ ಕೊಟ್ಟಿದ್ದನ್ನು ಕಂಡರು. 2008ರಲ್ಲಿ ಎಲಿಜಬೆತ್ ಡನ್ ಮತ್ತು ಸಂಗಡಿಗರು ಜನರ ಕೈಗೆ 5 ಅಥವಾ 20 ಡಾಲರ್ ಕೊಟ್ಟು, ಸಂಜೆಯೊಳಗೆ ಕೆಲವರು ತಮಗಾಗಿ, ಕೆಲವರು ಬೇರೆಯವರಿಗಾಗಿ ಖರ್ಚು ಮಾಡಬೇಕು ಅಂದರು. ಬೇರೆಯವರಿಗಾಗಿ ಖರ್ಚು ಮಾಡಿದವರು ಜಾಸ್ತಿ ಖುಷಿಯಾಗಿದ್ದರು, 5 ಆದರೂ ಅಷ್ಟೇ, 20 ಆದರೂ ಅಷ್ಟೇ. 2017ರಲ್ಲಿ ಆ್ಯಶ್ಲಿ ವಿಲನ್ಸ್ ಮತ್ತು ಸಂಗಡಿಗರು, ಬೇಡದ ಕೆಲಸವನ್ನು ಬೇರೆಯವರಿಂದ ಮಾಡಿಸಿಕೊಂಡು ಸಮಯ ಉಳಿಸುವ ಖರ್ಚು, ವಸ್ತು ಕೊಳ್ಳುವುದಕ್ಕಿಂತ ಮನಸ್ಸಿಗೆ ಹಗುರ ಅಂತ ತೋರಿಸಿದರು. ಆದರೆ ಇವೆಲ್ಲ ಸರಾಸರಿಯ ಮಾತು. ಚಪ್ಪಲಿ ಹರಿದವನು ಮೊದಲು ಚಪ್ಪಲಿ ತಗೊಳ್ಳಲಿ, ಪ್ರವಾಸ ಆಮೇಲೆ.

ಹಂತ 6: ಮೂರಕ್ಕಿಂತ ಜಾಸ್ತಿ ಪಾಲು ಬೇಡ

ಹತ್ತು ಕಡೆ ಹಂಚಿದರೆ ಮತ್ತೆ ಹೊಳೆ, ಮತ್ತೆ ಹುಣಸೆಹಣ್ಣು. ಒಂದು ದೊಡ್ಡ ಕೆಲಸ, ಅದಕ್ಕೆ ಅರ್ಧಕ್ಕಿಂತ ಜಾಸ್ತಿ. ಒಂದು ಉಳಿಕೆ. ಮೂರನೆಯದು ಲೆಕ್ಕ ಕೇಳದ ಪಾಲು, ನೂರಕ್ಕೆ ಹತ್ತರಷ್ಟು. ಆ ಹತ್ತನ್ನು ಯಾವುದಕ್ಕೆ ಬೇಕಾದರೂ ಉಡಾಯಿಸಿ, ಯಾರೂ ಕೇಳಬಾರದು, ನೀವೂ ಕೇಳಿಕೊಳ್ಳಬಾರದು. ಸಾಲ ತೀರಿಸುವಾಗಲೂ ಈ ಹತ್ತನ್ನು ಬಿಡಿ. ಪೂರ್ತಿ ತ್ಯಾಗ ಮಾಡಿದವರು ತಿಂಗಳೊಳಗೆ ಎರಡರಷ್ಟು ಖರ್ಚು ಮಾಡಿ ಸೇಡು ತೀರಿಸಿಕೊಳ್ಳುವುದನ್ನು ನೋಡಿದ್ದೇನೆ.

ಇಬ್ಬರು ಸೇರಿ ನಿರ್ಧರಿಸುವುದಾದರೆ ಒಟ್ಟಿಗೆ ಕೂತು ಪಟ್ಟಿ ಮಾಡಬೇಡಿ. ಬೇರೆ ಬೇರೆ ಬರೆಯಿರಿ, ಆಮೇಲೆ ಅದಲು ಬದಲು ಮಾಡಿ ಓದಿ. ಎರಡರಲ್ಲೂ ಇರುವ ಸಾಲು ಮೊದಲು. ಒಂದೂ ಇಲ್ಲದಿದ್ದರೆ ಕಿರಿಕಿರಿಯ ಪಟ್ಟಿಗೆ ವಾಪಸ್ ಹೋಗಿ, ಅಲ್ಲಿ ಸಾಮಾನ್ಯವಾಗಿ ಜಗಳವಿರುವುದಿಲ್ಲ.

ಉಳಿಕೆಯ ಪಾಲನ್ನು ಎಲ್ಲಿ ಹಾಕುವುದು? ಮೂರು ವರ್ಷದೊಳಗೆ ಬೇಕಾಗುವ ಹಣ ಷೇರಿನಲ್ಲಿರಬಾರದು, ಠೇವಣಿ ಸಾಕು. ಐದು ವರ್ಷಕ್ಕೂ ಮುಂದಕ್ಕೆ ಅಂದರೆ ಬೆಲೆ ಏರಿಕೆಯನ್ನು ಲೆಕ್ಕಕ್ಕೆ ತಗೊಳ್ಳಿ. ವರ್ಷಕ್ಕೆ ಶೇಕಡಾ 6ರಂತೆ ಬೆಲೆ ಏರಿದರೆ ಅದೇ 72ರ ಸೂತ್ರದ ಪ್ರಕಾರ 12 ವರ್ಷದಲ್ಲಿ ಹಣದ ಶಕ್ತಿ ಅರ್ಧವಾಗುತ್ತದೆ. "ಎರಡು ವರ್ಷದಲ್ಲಿ ದುಪ್ಪಟ್ಟು" ಅಂತ ಯಾರಾದರೂ ಬಂದರೆ ಅದು ತಿಂಗಳಿಗೆ ಶೇಕಡಾ 3 ಅಂತ ನೆನಪಿಸಿಕೊಳ್ಳಿ. ಅಷ್ಟು ಬಡ್ಡಿಯನ್ನು ಕೊಡುವವರು ಕಾರ್ಡ್ ಬಾಕಿ ಉಳಿಸಿಕೊಂಡವರು ಮಾತ್ರ, ಅಲ್ವಾ?

ಹಂತ 7: ದಿನ ಗೊತ್ತು ಮಾಡಿ, ಮುಗಿಸಿ

ಎಲ್ಲ ಯೋಚಿಸಿ ಕೊನೆಗೆ ಖರ್ಚು ಮಾಡಲು ಕೈ ಬಾರದವರೂ ಇದ್ದಾರೆ. ಕುರ್ಚಿಗೆ ಅಂತ ಇಟ್ಟ ಹಣ ಕುರ್ಚಿ ಬರದೆ ಆರು ತಿಂಗಳು ಕೂತಿರುತ್ತದೆ, ಆಮೇಲೆ ಯಾವುದೋ ಮದುವೆ ಖರ್ಚಿಗೆ ಸೇರಿಹೋಗುತ್ತದೆ. ಆದ್ದರಿಂದ ಮೂರು ವಾರ ಮುಗಿದ ಮರುದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ದುಬಾರಿಯಲ್ಲದ ಸಾಲಕ್ಕೆ ಅಂತ ಪಾಲು ಇಟ್ಟಿದ್ದರೆ ಬೆಳಿಗ್ಗೆ ಅದನ್ನು ಕಟ್ಟಿ. ಉಳಿಕೆಯನ್ನು ಠೇವಣಿಗೆ ಹಾಕಿ. ಮಧ್ಯಾಹ್ನ ದೊಡ್ಡ ಕೆಲಸಕ್ಕೆ ಹೋಗಿ. ವಸ್ತುವಾದರೆ ವಾಪಸು ಕೊಡಲು ಎಷ್ಟು ದಿನ ಅವಕಾಶವಿದೆ ಅಂತ ಬಿಲ್ಲಿನ ಹಿಂದೆ ದೊಡ್ಡದಾಗಿ ಬರೆದಿಡಿ. ಕೆಲಸದವರನ್ನು ಕರೆಸುವುದಾದರೆ ಪೂರ್ತಿ ಹಣ ಮುಂಗಡ ಕೊಡಬೇಡಿ.

ಸಂಜೆ ಆ ಬೇರೆ ಖಾತೆಯಲ್ಲಿ ಹತ್ತರ ಪಾಲು ಮಾತ್ರ ಉಳಿದಿರಬೇಕು. ಅದನ್ನು ನೋಟುಗಳಾಗಿ ತೆಗೆದು ಜೇಬಿಗೆ ಹಾಕಿಕೊಳ್ಳಿ. ಖಾತೆಯ ಹೆಸರು ಅಳಿಸಬೇಡಿ, ಮುಂದಿನ ಸಲಕ್ಕೆ ಬೇಕಾಗುತ್ತದೆ.